ರಾತ್ರಿ ಮೀನಖಂಡ ಹಿಡಿದರೆ: ಎಳೆತವೋ, ಶಾಖವೋ, ಮಾತ್ರೆಯೋ?

ತೀರ್ಥಹಳ್ಳಿಯ ನಿಮ್ಮ ಅತ್ತೆಗೆ ರಾತ್ರಿ ಮೀನಖಂಡ ಸೆಳೆತ ಬರುತ್ತದೆ, ಕಾಲು ಎಳೆಯುವುದು, ಶಾಖ, ಮೆಗ್ನೀಸಿಯಂ ಮಾತ್ರೆ ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಸೆಳೆತ ಬಂದ ಕ್ಷಣಕ್ಕೆ ಕಾಲು ಎಳೆಯುವುದೇ ಬೇಗ ಕೆಲಸ ಮಾಡುತ್ತದೆ. ಮಂಡಿ ನೇರ ಇಟ್ಟು ಪಾದದ ಬೆರಳುಗಳನ್ನು ತಮ್ಮ ಕಡೆಗೆ ಎಳೆದು ಹಿಡಿಯಬೇಕು. ಬಗ್ಗೋಕೆ ಆಗದಿದ್ದರೆ ಪಾದಕ್ಕೆ ಟವೆಲ್ ಸುತ್ತಿ ಎಳೆದರಾಯ್ತು. ಖರ್ಚಿಲ್ಲ. ದಿನಾ ಮಲಗುವ ಮುಂಚೆ ಮಾಡಿದರೆ ಸೆಳೆತವೇ ಕಡಿಮೆಯಾಗಬಹುದು.

ಆಮೇಲೆ ಉಳಿಯುವ ನೋವಿಗೆ ಶಾಖ ಹಿತ. ಮಳೆಗಾಲದಲ್ಲಿ ಬಚ್ಚಲ ಹಂಡೆಯಲ್ಲಿ ಬಿಸಿನೀರು ಹೇಗೂ ಇರುತ್ತದೆ, ಅಲ್ವಾ? ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮಾತ್ರ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

ಮೆಗ್ನೀಸಿಯಂ ಮಾತ್ರೆಗೆ ದುಡ್ಡು ಜಾಸ್ತಿ, ವಯಸ್ಸಾದವರ ಸೆಳೆತಕ್ಕೆ ಫಲ ಕಮ್ಮಿ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತು ಬೇರೆ. ಕಿಡ್ನಿ ತೊಂದರೆ ಇದ್ದವರು ಸುಮ್ನೆ ನುಂಗಬಾರದು.

ಒಂದೇ ಕಾಲು ಊದಿ ಕೆಂಪಾಗಿದ್ದರೆ ಇದ್ಯಾವುದೂ ಬೇಡ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.