ಫೋಲ್ಡರ್ ಲಾಕ್ ನಂಬಿ ಕ್ಲೈಂಟ್‌ಗಳ ದಾಖಲೆ ಇಡಬೇಡ್ರಿ

ದಾವಣಗೆರೆಯಲ್ಲಿ ಟ್ಯಾಕ್ಸ್, ಲೆಕ್ಕಪತ್ರದ ಕೆಲಸ ಮಾಡೋರು ದಯವಿಟ್ಟು ಇದನ್ನ ಪೂರ್ತಿ ಓದ್ರಿ. ನಮ್ಮ ಭಾವ ಪಿ.ಜೆ. ಬಡಾವಣೆಯಲ್ಲಿ ಜಿಎಸ್‌ಟಿ ರಿಟರ್ನ್ಸ್ ಮಾಡ್ತಾರೆ, ಚನ್ನಗಿರಿ ಕಡೆ ಅಡಿಕೆ ವ್ಯಾಪಾರಸ್ಥರು, ಎಪಿಎಂಸಿ ಮೆಕ್ಕೆಜೋಳದ ದಲಾಲರು, ಎಲ್ಲರ ಪ್ಯಾನು, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಅವರ ಲ್ಯಾಪ್‌ಟಾಪಲ್ಲೇ ಇರೋದು. ವಿಂಡೋಸ್ ಪಾಸ್‌ವರ್ಡ್ ಇತ್ತು, ಅದರ ಮೇಲೆ ಯಾವುದೋ ಫ್ರೀ ಫೋಲ್ಡರ್ ಲಾಕ್ ಬೇರೆ. ಲ್ಯಾಪ್‌ಟಾಪ್ ಆನೇ ಆಗ್ದೆ ರಿಪೇರಿಗೆ ಕೊಟ್ರು, ಅಂಗಡಿಯವ್ರು ಡಿಸ್ಕ್ ಬಿಚ್ಚಿ ತಮ್ಮ ಕಂಪ್ಯೂಟರಿಗೆ ಹಾಕಿ ಬ್ಯಾಕಪ್ ತಗಂಡ್ರು, ಅಲ್ಲಿವರೆಗೂ ಸರಿ, ಆದ್ರೆ ಕೆಲಸ ಮುಗಿದ ಮೇಲೂ ಆ ಕಾಪಿ ಅಳಿಸ್ಲೇ ಇಲ್ಲ, ಅದು ಇನ್ಯಾರದೋ ಪೆನ್‌ಡ್ರೈವಿಗೆ ಹೋಗಿಬಿಡ್ತು. ಕೊನೆಗೆ ಕ್ಲೈಂಟೇ ಫೋನ್ ಮಾಡಿ "ಸಾರ್, ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಮಾರ್ಕೆಟ್‌ನಲ್ಲಿ ಇನ್ನೊಬ್ರ ಹತ್ರ ಹೆಂಗ್ ಬಂತು" ಅಂತ ಕೇಳಿದ್ರು. ವರ್ಷಾನುಗಟ್ಲೆ ನಂಬಿದ್ದ ಮನುಷ್ಯ, ಫೈಲ್ ವಾಪಸ್ ತಗಂಡು ಹೋದ್ರು. ಭಾವ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.

ವಿಂಡೋಸ್ ಪಾಸ್‌ವರ್ಡ್ ತಡೆಯೋದು ಲಾಗಿನ್ ಮಾತ್ರ. ಡಿಸ್ಕ್ ಎನ್‌ಕ್ರಿಪ್ಟ್ (ಪಾಸ್‌ವರ್ಡ್ ಇಲ್ದೆ ಓದೋಕಾಗದಂಗೆ ಡೇಟಾನ ಗುಪ್ತ ರೂಪಕ್ಕೆ ಬದಲಿಸೋದು) ಆಗಿಲ್ಲ ಅಂದ್ರೆ ಬಿಚ್ಚಿ ಬೇರೆ ಸಿಸ್ಟಮಿಗೆ ಹಾಕಿದ್ರೆ ಎಲ್ಲಾ ಓದಬಹುದು. ಇಂಥ ಫೋಲ್ಡರ್ ಲಾಕ್‌ಗಳಲ್ಲಿ ಎಷ್ಟೋ ಬರೀ ಫೋಲ್ಡರ್ ಬಚ್ಚಿಡ್ತವೆ ಅಷ್ಟೆ, ಒಳಗಿನ ಫೈಲ್ ಹೆಂಗಿತ್ತೋ ಹಂಗೇ ಇರ್ತೈತೆ. ಎಕ್ಸೆಲ್‌ನ 'ಪ್ರೊಟೆಕ್ಟ್ ಶೀಟ್' ಕೂಡ ಎನ್‌ಕ್ರಿಪ್ಷನ್ ಅಲ್ಲ, ಅದನ್ನ ತೆಗೆಯೋದು ಸುಲಭ.

ಇವುಗಳ ಬದಲು, ಫೈಲ್‌ಗಳನ್ನ ಒಂದೇ ಗಂಟಾಗಿ ಕಟ್ಟಿ ಪಾಸ್‌ವರ್ಡ್ ಹಾಕೋ ಸೆವೆನ್-ಜಿಪ್ ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗ್ತೈತೆ. ಅದರಲ್ಲಿ 7ಝಡ್ ಫಾರ್ಮ್ಯಾಟೇ ಆರಿಸ್ರಿ, ಎಇಎಸ್-256 ಅನ್ನೋ ಗಟ್ಟಿ ಎನ್‌ಕ್ರಿಪ್ಷನ್ ಬರ್ತೈತೆ, 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಟಿಕ್ ಮಾಡೋದು ಮರೀಬೇಡ್ರಿ, ಇಲ್ಲಾಂದ್ರೆ ಪಾಸ್‌ವರ್ಡ್ ಇಲ್ದೇನೂ ಯಾರ್ಯಾರ ಫೈಲ್ ಒಳಗಿದಾವೆ ಅಂತ ಹೆಸರು ಕಾಣ್ತವೆ. ಹಳೇ ಜಿಪ್ ಪಾಸ್‌ವರ್ಡ್ ವಿಧಾನ ಬ್ಯಾಡ, ಅದನ್ನ ಮುರಿಯೋದು ಹೆಂಗೆ ಅಂತ 1994ರಲ್ಲೇ ತೋರಿಸಿದಾರೆ. ಇನ್ನೊಂದು, ಲಾಕ್ ಮಾಡಿದ ಮೇಲೆ ಮೂಲ ಫೈಲ್ ಡಿಲೀಟ್ ಮಾಡಿದ್ರೂ ರಿಕವರಿ ಸಾಫ್ಟ್‌ವೇರಲ್ಲಿ ವಾಪಸ್ ಬರೋ ಸಾಧ್ಯತೆ ಇರ್ತೈತೆ, ಅದಕ್ಕೆ ದಿನಾ ಕೆಲಸ ಮಾಡೋ ಫೈಲ್‌ಗಳಿಗೆ ವೆರಾಕ್ರಿಪ್ಟ್ ಅನ್ನೋ ಸಾಫ್ಟ್‌ವೇರಲ್ಲಿ ಕಂಟೇನರ್ (ಪಾಸ್‌ವರ್ಡ್ ಹಾಕಿದ್ರೆ ಮಾತ್ರ ಡ್ರೈವ್ ಥರ ತೆರೆಯೋ, ಎನ್‌ಕ್ರಿಪ್ಟ್ ಆದ ಒಂದು ಫೈಲ್) ಮಾಡ್ಕಂಡು ಅದರೊಳಗೇ ಇಟ್ಟು ಕೆಲಸ ಮಾಡೋದು ವಾಸಿ ಅಂತ ನನ್ನ ಅಭಿಪ್ರಾಯ.

ಪಾಸ್‌ವರ್ಡ್‌ಗೆ ಇ-ಆಧಾರ್ ಥರ ಹೆಸರಿನ ನಾಲ್ಕಕ್ಷರ ಪ್ಲಸ್ ಹುಟ್ಟಿದ ವರ್ಷ ಇಡಬೇಡ್ರಿ, ಆ ಲೆಕ್ಕ ಪ್ರತಿ ಝೆರಾಕ್ಸ್ ಅಂಗಡಿಗೂ ಗೊತ್ತು. ಸಂಬಂಧ ಇಲ್ದಿರೋ ಐದಾರು ಪದ ಜೋಡಿಸ್ರಿ. ಸೆವೆನ್-ಜಿಪ್, ವೆರಾಕ್ರಿಪ್ಟ್ ಎರಡರಲ್ಲೂ 'ಫರ್ಗಾಟ್ ಪಾಸ್‌ವರ್ಡ್' ಅನ್ನೋದೇ ಇರಲ್ಲ, ಮರೆತ್ರೆ ಡೇಟಾ ಹೋದಂಗೇ, ಹಂಗಾಗಿ ಒಂದು ಚೀಟೀಲಿ ಬರೆದು ಮನೆ ಬೀರುವಿನಲ್ಲಿ ಇಡ್ರಿ, ಲ್ಯಾಪ್‌ಟಾಪ್ ಬ್ಯಾಗಲ್ಲಿ ಮಾತ್ರ ಬ್ಯಾಡ.