ಬಿಳಿ ಪಟ್ಟೆ ಬಾಳೆ ಗಡ್ಡೆ: ಮಾಲು ಚೆನ್ನಾಗಿದೆ, ಪ್ಯಾಕಿಂಗ್ ಸರಿಯಿಲ್ಲ

ಎಲೆಯಲ್ಲಿ ಬಿಳಿ ಪಟ್ಟೆ ಬರುವ ಬಾಳೆಯ ಗಡ್ಡೆ ತುಂಡುಗಳನ್ನು ಧಾರವಾಡದ ಒಂದು ನರ್ಸರಿಯಿಂದ ತಂದೆ. ಪ್ರತಿ ತುಂಡಿನಲ್ಲೂ ದಪ್ಪ ಕಣ್ಣು (ಮೊಳಕೆ ಒಡೆಯುವ ಮೊಗ್ಗು) ಇತ್ತು, ಅದೇ ಮುಖ್ಯ ಅಲ್ವಾ, ಕಣ್ಣಿಲ್ಲದ ತುಂಡು ಎಷ್ಟು ದೊಡ್ಡದಿದ್ದರೂ ಮೊಳೆಯದೆ ಸುಮ್ನೆ ಕೊಳೆಯುತ್ತದೆ. ಆದರೆ ಕತ್ತರಿಸಿದ ಜಾಗ ಒಣಗುವ ಮೊದಲೇ ಒದ್ದೆ ಪೇಪರ್ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೊಟ್ಟಿದ್ದರು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒಂದು ತುಂಡು ಮೆತ್ತಗಾಗಿತ್ತು. ಕೇಳಿದ ಕೂಡಲೇ ಬದಲಿಸಿಕೊಟ್ಟರು, ಅದು ನಿಜಕ್ಕೂ ಖುಷಿಯ ವಿಷಯ.

ನೀವು ತಂದರೆ ತಕ್ಷಣ ಚೀಲ ಬಿಚ್ಚಿ. ಕಂದಿದ ಭಾಗವನ್ನು ಒಳ್ಳೆಯ ಬಿಳಿ ತಿರುಳು ಕಾಣುವವರೆಗೂ ಕೆತ್ತಿ, ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ನೆಡಿ. ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ಹಾಕುವುದಾದರೆ ಇದರ ಜೊತೆ ಬೇಡ, ಈ ಔಷಧಿ ಆ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ. ನಮ್ಮ ಎರೆ ಮಣ್ಣು ಇದಕ್ಕೆ ಆಗುವುದಿಲ್ಲ, ನೀರು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ದಪ್ಪ ಮರಳು ಸೇರಿಸಿ, ಕುಂಡವನ್ನು ಜಿಟಿಜಿಟಿ ಮಳೆಗೆ ಇಡಬೇಡಿ, ಬೇರು ಬರುವವರೆಗೆ ಕೈ ಬಿಗಿ ಹಿಡಿದೇ ನೀರು ಹಾಕಿ.

ಎಲ್ಲ ಸಸಿಯೂ ಪಟ್ಟೆಯದೇ ಬರುತ್ತದೆ ಅಂತ ನರ್ಸರಿಯಲ್ಲಿ ಹೇಳುತ್ತಾರೆ, ಅದು ಸರಿಯಲ್ಲ. ಕೆಲವು ಕಣ್ಣು ಪೂರ್ತಿ ಹಸಿರಾಗಿ ಬರಬಹುದು. ಪೂರ್ತಿ ಬಿಳಿ ಬಂದರೆ ಅದು ತನ್ನ ಆಹಾರ ತಾನು ಮಾಡಿಕೊಳ್ಳಲಾರದು, ಗಡ್ಡೆಯಲ್ಲಿರುವ ಸತ್ವ ಮುಗಿದ ಮೇಲೆ ಸಾಯುತ್ತದೆ. ಇಷ್ಟು ದುಡ್ಡು ತೆಗೆದುಕೊಳ್ಳುವವರು ಇದನ್ನು ಮೊದಲೇ ಹೇಳಬೇಕು.