ಒಬ್ಬರೇ ನಡೆಸುವ ಕೌನ್ಸೆಲಿಂಗ್‌ಗೆ ಗೂಗಲ್ ಕ್ಯಾಲೆಂಡರ್ + ವಾಟ್ಸಾಪ್ ಬಿಸಿನೆಸ್: ಬಹಳ ದಿನ ಬಳಸಿದ ಮೇಲಿನ ಅನಿಸಿಕೆ

ಮೈಸೂರಿನಲ್ಲಿ ಸ್ವಂತವಾಗಿ ಕೌನ್ಸೆಲಿಂಗ್ ಮಾಡುತ್ತೇನೆ. ರಿಸೆಪ್ಷನ್‌ಗೆ ಯಾರೂ ಇಲ್ಲ. ಸೆಷನ್ ನಡೆಯುವಾಗ ಫೋನ್ ಮುಟ್ಟುವ ಹಾಗಿಲ್ಲ, ಹೊಸಬರ ಕರೆ ಬರುವುದು ಮಾತ್ರ ಅದೇ ಹೊತ್ತಿಗೆ. ತುಂಬ ಯೋಚಿಸಿ, ಧೈರ್ಯ ಮಾಡಿ ಕರೆ ಮಾಡಿದವರಿಗೆ ಉತ್ತರ ಸಿಗದಿದ್ದರೆ ಮತ್ತೆ ಮಾಡುವುದು ಅಪರೂಪ. ನನ್ನ ಕೆಲಸ ಬೆಳೆದದ್ದು ಇಂಥವರು ಕೈತಪ್ಪುವುದು ಕಡಿಮೆಯಾದ ಮೇಲೆ. ಜಾಹೀರಾತಿಗೆ ದುಡ್ಡು ಹಾಕಿಲ್ಲ.

ಗೂಗಲ್ ಕ್ಯಾಲೆಂಡರ್‌ನಲ್ಲಿ ಬುಕಿಂಗ್ ಪುಟ, ಅಂದರೆ ಬರುವವರು ಕರೆ ಮಾಡದೆ ತಾವೇ ಸಮಯ ಆರಿಸಿಕೊಳ್ಳುವ ಪುಟ, ಮಾಡಿಕೊಳ್ಳಬಹುದು. ಸಾಮಾನ್ಯ ಜಿಮೇಲ್ ಖಾತೆಗೂ ಒಂದು ಪುಟ ಉಚಿತ. ಎಷ್ಟು ಹೊತ್ತು ಮೊದಲೇ ಬುಕ್ ಮಾಡಬೇಕು, ಎರಡು ಸೆಷನ್ ನಡುವೆ ಎಷ್ಟು ಬಿಡುವು, ದಿನಕ್ಕೆ ಹೆಚ್ಚೆಂದರೆ ಎಷ್ಟು ಜನ, ಎಲ್ಲವನ್ನೂ ಹೇಳಿಟ್ಟರೆ ಸಾಕು. ಈ ಬಿಡುವಿನ ಸೆಟ್ಟಿಂಗ್ ನನಗೆ ಬಲು ಇಷ್ಟ. ಭಾರವಾದ ಮಾತು ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರದೆ ಇನ್ನೊಬ್ಬರ ಮುಂದೆ ಕೂರಲು ಆಗುವುದಿಲ್ಲ. ಯಾರಾದರೂ ರದ್ದು ಮಾಡಿದರೆ ಆ ಸಮಯ ತಾನಾಗಿಯೇ ಬೇರೆಯವರಿಗೆ ಕಾಣುತ್ತದೆ. ಆನ್‌ಲೈನ್ ಸೆಷನ್‌ಗೆ ಗೂಗಲ್ ಮೀಟ್ (ವಿಡಿಯೊ ಕರೆ) ಲಿಂಕ್ ಕೂಡ ತಾನೇ ಹೋಗುತ್ತದೆ. ಇಬ್ಬರೇ ಇರುವ ಮೀಟ್ ಕರೆಗೆ ಉಚಿತ ಖಾತೆಯಲ್ಲೂ ಒಂದು ಗಂಟೆಯ ಮಿತಿ ಇಲ್ಲ.

ಆದರೆ ಪುಟದ ಹೆಸರಿನ ಬಗ್ಗೆ ಎಚ್ಚರ. ಆ ಹೆಸರೇ ಕ್ಲೈಂಟ್‌ನ ಇಮೇಲ್‌ನಲ್ಲಿ, ಕ್ಯಾಲೆಂಡರ್‌ನಲ್ಲಿ ಕಾಣಿಸುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರ ಫೋನ್ ಇನ್ನೊಬ್ಬರ ಕೈಯಲ್ಲಿರುತ್ತದೆ. ಅತ್ತೆಗೆ ಗೊತ್ತಾಗದ ಹಾಗೆ ಬರುವ ಸೊಸೆ, ಅಪ್ಪನಿಗೆ ಹೇಳದೆ ಬರುವ ಕಾಲೇಜು ಹುಡುಗ ಇದ್ದಾರೆ. ‘ಕೌನ್ಸೆಲಿಂಗ್ ಸೆಷನ್’ ಎಂಬ ಒಂದು ನೋಟಿಫಿಕೇಶನ್ ಸಾಕು, ಮನೆಯಲ್ಲಿ ವಿಚಾರಣೆ ಶುರುವಾಗಲು. ನಾನು ‘ಭೇಟಿ’ ಎಂದಷ್ಟೇ ಇಟ್ಟಿದ್ದೇನೆ. ವಾಟ್ಸಾಪ್ ಬಿಸಿನೆಸ್‌ನ ಪ್ರೊಫೈಲ್ ಹೆಸರಿಗೂ ಇದೇ ಮಾತು. ಮೆಸೇಜ್ ಕಳಿಸಬಹುದಾ, ಎಷ್ಟು ಗಂಟೆಯೊಳಗೆ ಎಂದು ಬುಕಿಂಗ್ ಫಾರ್ಮ್‌ನಲ್ಲೇ ಕನ್ನಡದಲ್ಲಿ ಕೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ಆ ಹಕ್ಕು ಒಡೆಯುವುದು ಇಂಥ ಸಣ್ಣ ಸಣ್ಣ ಕಡೆಗಳಲ್ಲೇ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಚಾಟ್‌ಗಳಿಗೆ ಲೇಬಲ್ ಹಾಕುವ ಸೌಲಭ್ಯ ಇದೆ. ‘ಹೊಸಬರು’, ‘ಫೀಸ್ ಬಾಕಿ’ ಸರಿ. ಕ್ಲೈಂಟ್‌ನ ತೊಂದರೆಯ ಹೆಸರನ್ನು ಲೇಬಲ್ ಮಾಡುವುದು ಬೇಡ.

ನೆನಪಿಸುವ ಇಮೇಲ್ ತಾನಾಗಿ ಹೋಗಬೇಕೆಂದರೆ ಗೂಗಲ್‌ನ ಹಣ ಕೊಡುವ ಪ್ಲಾನ್ ಬೇಕು. ನನ್ನಲ್ಲಿಗೆ ಬರುವವರಲ್ಲಿ ಇಮೇಲ್ ನೋಡುವವರು ಕಡಿಮೆ. ಹಾಗಾಗಿ ಹಿಂದಿನ ಸಂಜೆ ವಾಟ್ಸಾಪ್‌ನ ಕ್ವಿಕ್ ರಿಪ್ಲೈನಿಂದ (ಮೊದಲೇ ಬರೆದಿಟ್ಟ ಮೆಸೇಜ್) ನಾನೇ ಕಳಿಸುತ್ತೇನೆ. ಪೂರ್ತಿ ಆಟೊಮ್ಯಾಟಿಕ್ ಅಲ್ಲ, ನಿಜ. ಆದರೂ ಸುಳಿವಿಲ್ಲದೆ ತಪ್ಪಿಸಿಕೊಳ್ಳುವವರು ಸ್ಪಷ್ಟವಾಗಿ ಕಡಿಮೆಯಾದರು.

ಅತಿ ಮುಖ್ಯವಾದದ್ದು ವಾಟ್ಸಾಪ್ ಬಿಸಿನೆಸ್‌ನ ‘ಅವೇ ಮೆಸೇಜ್’ (away message). ಕೆಲಸದ ಸಮಯ ಮುಗಿದ ಮೇಲೆ ಮೆಸೇಜ್ ಮಾಡಿದವರಿಗೆ ಇದು ತಾನೇ ಉತ್ತರ ಕೊಡುತ್ತದೆ. ಅವರು ಏನು ಬರೆದಿದ್ದಾರೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಫೀಸ್ ಎಷ್ಟು ಎಂದು ಕೇಳಿದವರಿಗೂ, ಬದುಕಲು ಮನಸ್ಸಿಲ್ಲ ಎಂದು ಬರೆದವರಿಗೂ ಒಂದೇ ಉತ್ತರ. ಅದಕ್ಕೇ ನನ್ನ ಮೆಸೇಜ್‌ನ ಮೊದಲ ಸಾಲಿನಲ್ಲೇ ಟೆಲಿ ಮಾನಸ್ ಸಂಖ್ಯೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬುಕಿಂಗ್ ಲಿಂಕ್ ಅದರ ಕೆಳಗೆ. ಈ ಕ್ರಮವನ್ನು ದಯವಿಟ್ಟು ತಿರುಗಿಸಬೇಡಿ.

ಅರ್ಧಕ್ಕೆ ನಿಲ್ಲಿಸಿದವರಿಗೆ ‘ಮತ್ತೆ ಬನ್ನಿ’ ಎಂದು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಒಂದೇ ಮೆಸೇಜ್) ಕಳಿಸಿ ಎಂದು ಬೆಳವಣಿಗೆಯ ಸಲಹೆ ಕೊಡುವವರು ಹೇಳುತ್ತಾರೆ. ನಾನು ಕಳಿಸುವುದಿಲ್ಲ. ಒಬ್ಬರು ಬರುವುದು ನಿಲ್ಲಿಸಿದರೆ ಅದಕ್ಕೊಂದು ಕಾರಣ ಇರುತ್ತದೆ, ಅದನ್ನು ಅವರ ಜೊತೆಗೇ ಮಾತಾಡಬೇಕು. ಆ ಕರೆ ನಾನೇ ಮಾಡುತ್ತೇನೆ. ಸೆಷನ್ ನೋಟ್ಸ್ ಕೂಡ ಕ್ಯಾಲೆಂಡರ್‌ನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಇಡುವುದಿಲ್ಲ.

ವಯಸ್ಸಾದವರಿಗೆ ಲಿಂಕ್ ಒತ್ತಲು ಹಿಂಜರಿಕೆ. ಅವರಿಗಾಗಿ ಮಧ್ಯಾಹ್ನ ಸ್ವಲ್ಪ ಹೊತ್ತು ಫೋನ್‌ಗೆ ಮೀಸಲು. ಬುಕಿಂಗ್ ಪುಟದಲ್ಲೇ ಹಣ ಪಡೆಯಲು ಸ್ಟ್ರೈಪ್ ಎಂಬ ಆನ್‌ಲೈನ್ ಪಾವತಿ ಸೇವೆಯ ಖಾತೆ ಬೇಕು. ನನಗೆ ಯುಪಿಐ ಸಾಕಾಗಿದೆ. ಮೂರು ನಾಲ್ಕು ಥೆರಪಿಸ್ಟ್‌ಗಳು ಸೇರಿ ನಡೆಸುವ ಕ್ಲಿನಿಕ್‌ಗೆ ಇದು ಸಾಲದು. ಅವರು ಪ್ರತ್ಯೇಕ ಕ್ಲಿನಿಕ್ ಸಾಫ್ಟ್‌ವೇರ್ ನೋಡುವುದು ಒಳ್ಳೆಯದು.